ಮೇಪಲ್ ರಸ ಯಾವಾಗ ಹರಿಯುತ್ತದೆ, ಪಾಕ ಏಕೆ ಕೆಡುತ್ತದೆ?

ಪ್ರಶ್ನೆ: ನಾವು ಅಮೆರಿಕದ ವರ್ಮಾಂಟ್ ರಾಜ್ಯದ ಒಂದು ಸಣ್ಣ ಊರಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 250 ಮೀಟರ್ ಎತ್ತರದಲ್ಲಿ ವಾಸವಾಗಿದ್ದೇವೆ. ಹಿತ್ತಲಿನಲ್ಲಿ ಎರಡು ಮೇಪಲ್ ಮರಗಳಿವೆ. ಒಂದರ ಸುತ್ತಳತೆ ಎರಡು ಮೀಟರ್, ಇನ್ನೊಂದರದು 120 ಸೆಂಟಿಮೀಟರ್. ಕಳೆದ ವರ್ಷ ನೆರೆಯವರ ಮಾತಿನಂತೆ, ಇಲ್ಲಿನ ಊರುಗಳ ವಾರ್ಷಿಕ ಸಭೆ ನಡೆಯುವ ಟೌನ್ ಮೀಟಿಂಗ್ ದಿನದಂದು ಎರಡೂ ಮರಗಳಿಗೆ ಎರಡೆರಡು ರಂಧ್ರ ಕೊರೆದೆವು. ಮೂರು ದಿನ ರಸ ಚೆನ್ನಾಗಿ ಹರಿದು, ಬಿಸಿಲು ಹೆಚ್ಚಾಗುತ್ತಿದ್ದಂತೆ ನಿಂತೇ ಹೋಯಿತು. ಎರಡು ವಾರಗಳ ನಂತರ ಮತ್ತೆ ಹರಿದ ರಸದ ಪಾಕಕ್ಕೆ ಅಹಿತಕರ ವಾಸನೆ ಬಂದಿತು. ಮೊದಲ ಸಲದ ಪಾಕವನ್ನು ಶಿರಸಿಯಿಂದ ಬಂದಿದ್ದ ಅಮ್ಮ ಒಂದೆಳೆ ನೋಡಿ ಇಳಿಸಿದ್ದರು; ಆ ಬಾಟಲಿಯ ತಳದಲ್ಲಿ ಹರಳುಗಟ್ಟಿದೆ. ಎರಡನೆಯದನ್ನು ಥರ್ಮಾಮೀಟರ್ 103 ಡಿಗ್ರಿ ತೋರಿಸಿದಾಗ ಇಳಿಸಿ, ಆರಿದ ಮೇಲೆ ತುಂಬಿದೆವು; ಅದಕ್ಕೆ ಬೂಷ್ಟು ಬಂದಿದೆ. ಈ ವರ್ಷ ಯಾವ ದಿನ ಕೊರೆಯಬೇಕು? ಇದೆಲ್ಲ ಹವಾಮಾನವನ್ನು ಇಷ್ಟೊಂದು ನಂಬಿಕೊಂಡಿದೆಯೇ? ಮರಕ್ಕೆ ಹಾನಿಯಾಗುತ್ತದೆಯೇ?

ಉತ್ತರ: ನಿಮ್ಮ ಪತ್ರ ಮತ್ತು ಅದರೊಂದಿಗೆ ಕಳುಹಿಸಿದ ಕೊಂಬೆಗಳ ಚಿತ್ರಗಳನ್ನು ನೋಡಿದ ಮೇಲೆ, ನಿಮ್ಮ ಪ್ರಯತ್ನದಲ್ಲಿ ಶ್ರದ್ಧೆಯ ಕೊರತೆ ಎಲ್ಲಿಯೂ ಇರಲಿಲ್ಲವೆಂದು ಮೊದಲು ಹೇಳಬೇಕು. ಕೆಟ್ಟದ್ದಕ್ಕೆಲ್ಲ ಕಾರಣಗಳು ಸ್ಪಷ್ಟವಾಗಿವೆ, ಮತ್ತು ಅವುಗಳಲ್ಲಿ ಹೆಚ್ಚಿನವು ಹವಾಮಾನಕ್ಕೆ ಸಂಬಂಧಿಸಿದವು. ಪಾಕದ ಹದ ಕೂಡ ಆ ದಿನದ ಹವೆಯನ್ನು ಅವಲಂಬಿಸಿದೆ ಎಂಬುದು ನಿಮಗೆ ಅಚ್ಚರಿ ತರಬಹುದು.

ರಸ ನಿಂತದ್ದೇಕೆ ಎಂಬುದರಿಂದ ಆರಂಭಿಸುತ್ತೇನೆ. ಮನೆಯಲ್ಲಿ ಹೊಸದಾಗಿ ಮೇಪಲ್ ರಸ ತೆಗೆಯುವವರು ಸಾಮಾನ್ಯವಾಗಿ ಹಗಲಿನ ಬಿಸಿಲನ್ನೇ ಎದುರು ನೋಡುತ್ತಾರೆ, ಏಕೆಂದರೆ ರಸ ಕಣ್ಣಿಗೆ ಬೀಳುವುದು ಹಗಲಿನಲ್ಲಿ. ಆದರೆ ಮರ ತುಂಬಿಕೊಳ್ಳುವುದು ರಾತ್ರಿಯಲ್ಲಿ. ಮೇಪಲ್ ಮರದ ಕಾಂಡದಲ್ಲಿ ನೀರನ್ನು ಸಾಗಿಸುವ ನಾಳಗಳ ಸುತ್ತ ಇರುವ ನಾರಿನ ಕೋಶಗಳಲ್ಲಿ, ಬೇರೆ ಹಲವು ಜಾತಿಯ ಮರಗಳಿಗಿಂತ ಭಿನ್ನವಾಗಿ, ನೀರಿನ ಬದಲು ಗಾಳಿ ತುಂಬಿರುತ್ತದೆ. ಸಂಜೆಯ ನಂತರ ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿದಾಗ ಈ ಕೋಶಗಳ ಒಳಗೋಡೆಯ ಮೇಲೆ ಹಿಮ ಕಟ್ಟತೊಡಗಿ, ನಾಳಗಳಲ್ಲಿದ್ದ ನೀರನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಒಳಗಿದ್ದ ಗಾಳಿ ಹಿಮದ ನಡುವೆ ಅದುಮಿಕೊಂಡು ಸೆರೆಯಾಗುತ್ತದೆ. ನಾಳಗಳಲ್ಲಿ ಉಂಟಾದ ಸೆಳೆತಕ್ಕೆ ಬೇರುಗಳು ಮಣ್ಣಿನಿಂದ ಹೊಸ ನೀರನ್ನು ಹೀರಿ ಮೇಲಕ್ಕೆ ಕಳುಹಿಸುತ್ತವೆ. ಮರುದಿನ ಕಾಂಡ ಕರಗಿದಾಗ ಸೆರೆಯಲ್ಲಿದ್ದ ಗಾಳಿ ಹಿಗ್ಗಿ ಆ ನೀರನ್ನು ನಾಳಗಳಿಗೆ ಮರಳಿ ತಳ್ಳುತ್ತದೆ, ರಸದಲ್ಲಿ ಕರಗಿರುವ ಸಕ್ಕರೆಯು ತೆಳು ಪೊರೆಗಳ ಮೂಲಕ ನೀರನ್ನು ತನ್ನತ್ತ ಎಳೆಯುವ ಆಸ್ಮೋಸಿಸ್ ಸೆಳೆತವೂ ಸೇರಿ ಕಾಂಡದೊಳಗಿನ ಒತ್ತಡ ಹೊರಗಿನ ವಾಯುಒತ್ತಡವನ್ನು ಮೀರುತ್ತದೆ, ಆಗ ನೀವು ಕೊರೆದ ರಂಧ್ರದಿಂದ ರಸ ತೊಟ್ಟಿಕ್ಕುತ್ತದೆ. ರಸದಲ್ಲಿರುವ ಸಕ್ಕರೆ ಕಳೆದ ಬೇಸಿಗೆಯಲ್ಲಿ ಎಲೆಗಳು ತಯಾರಿಸಿ ಪಿಷ್ಟದ ರೂಪದಲ್ಲಿ ಕೂಡಿಟ್ಟದ್ದು. ಚಳಿಗಾಲದಲ್ಲಿ ಅದು ಸುಕ್ರೋಸ್ ಆಗಿ ಬದಲಾಗುತ್ತದೆ.

ಹೀಗಾಗಿ ಪ್ರತಿ ರಾತ್ರಿ ಹಿಮಗಟ್ಟಬೇಕು, ಪ್ರತಿ ಹಗಲು ಕರಗಬೇಕು. ರಾತ್ರಿ ಸೊನ್ನೆಗಿಂತ 4ರಿಂದ 6 ಡಿಗ್ರಿ ಸೆಲ್ಸಿಯಸ್ ಕೆಳಗೆ, ಹಗಲು 4ರಿಂದ 7 ಡಿಗ್ರಿ ಮೇಲೆ ಇದ್ದರೆ ಅದು ಉತ್ತಮ ದಿನ. ರಾತ್ರಿ ಹಿಮಗಟ್ಟದೆ ಹೋದರೆ, ಹಿಂದಿನ ಸಲ ತುಂಬಿಕೊಂಡದ್ದು ಒಂದೆರಡು ದಿನಗಳಲ್ಲಿ ಖಾಲಿಯಾಗಿ, ಎಷ್ಟು ಬಿಸಿಲು ಬಿದ್ದರೂ ಹನಿ ಬೀಳುವುದಿಲ್ಲ. ನಿಮ್ಮಲ್ಲಿ ಆದದ್ದು ಇದೇ. ಹಗಲೂ ರಾತ್ರಿಯೂ ಸೊನ್ನೆಗಿಂತ ಕೆಳಗೇ ಇದ್ದರೂ ಹರಿವು ಇಲ್ಲ, ಆದರೆ ಆ ನಿಲುಗಡೆ ನಷ್ಟವಲ್ಲ. ಮರ ಕಾಯುತ್ತಿರುತ್ತದೆ, ರಸವೂ ಕೆಡುವುದಿಲ್ಲ. ಬೆಚ್ಚನೆಯ ನಿಲುಗಡೆಯೇ ಭಯಪಡಬೇಕಾದದ್ದು, ಏಕೆಂದರೆ ಆ ದಿನಗಳಲ್ಲಿ ರಂಧ್ರದೊಳಗೆ ಸೂಕ್ಷ್ಮಜೀವಿಗಳು ಬೆಳೆಯುತ್ತವೆ ಮತ್ತು ಮೊಗ್ಗುಗಳು ಎಚ್ಚರಗೊಳ್ಳುತ್ತವೆ. ತಣಿಯುವ ವೇಗವೂ ಮುಖ್ಯ: ಸಂಜೆಯಿಂದ ನಿಧಾನವಾಗಿ ಇಳಿಯುವ ಚಳಿಯಲ್ಲಿ ಮರ ಹೆಚ್ಚು ನೀರು ಹೀರುತ್ತದೆ, ಒಮ್ಮೆಲೇ ಎರಗುವ ಕಡುಚಳಿಯಲ್ಲಿ ಹೀರುವ ಮೊದಲೇ ಕಾಂಡ ಹೆಪ್ಪುಗಟ್ಟಿಬಿಡುತ್ತದೆ.

ನಮ್ಮ ಕಡೆಯ ಓದುಗರಲ್ಲಿ ಕೆಲವರು ಇದನ್ನು ತೆಂಗಿನ ಅಥವಾ ಬೈನೆಯ ನೀರಾದೊಂದಿಗೆ ಹೋಲಿಸುತ್ತಾರೆ. ಎರಡೂ ಸಿಹಿ ರಸಗಳೇ ಆದರೂ ಅವುಗಳ ದಾರಿ ಬೇರೆ. ನೀರಾ ಬರುವುದು ಹೂಗೊನೆಗೆ ಆಹಾರ ಒಯ್ಯುವ ನಾಳಗಳಿಂದ. ಅದಕ್ಕೆ ಚಳಿ ಬೇಕಿಲ್ಲ, ಗೊನೆಯ ತುದಿಯನ್ನು ದಿನವೂ ಕೊಯ್ಯುತ್ತಿದ್ದರೆ ಸಾಕು. ಮೇಪಲ್ ರಸ ನೀರು ಸಾಗಿಸುವ ನಾಳಗಳದು, ಅದನ್ನು ಹೊರದೂಡುವ ಶಕ್ತಿ ಹಿಮದ್ದು. ಕರ್ನಾಟಕದಲ್ಲಿ ಮೇಪಲ್ ಸಸಿ ನೆಟ್ಟು ರಸ ತೆಗೆಯಬಹುದೇ ಎಂದು ಕೇಳುವವರಿಗೂ ನನ್ನ ಉತ್ತರ ಇದರಲ್ಲಿಯೇ ಇದೆ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಮಾರ್ಚ್ ತಿಂಗಳ ಮೊದಲ ಮಂಗಳವಾರ ಬರುವ ಟೌನ್ ಮೀಟಿಂಗ್ ದಿನದಂದು ಕೊರೆಯುವುದು ವರ್ಮಾಂಟ್‌ನ ಹಳೆಯ ವಾಡಿಕೆ, ಮತ್ತು ಅದು ಬಹುಕಾಲ ಸರಿಯಾಗಿಯೇ ಇತ್ತು. ಈಗ ಆ ದಿನವನ್ನು ನೆಚ್ಚಿಕೊಳ್ಳಬೇಡಿರೆಂದು ನಾನು ಖಚಿತವಾಗಿ ಹೇಳುತ್ತೇನೆ. 2012ರ ಮಾರ್ಚ್ ಮೂರನೆಯ ವಾರದಲ್ಲಿ ವರ್ಮಾಂಟ್‌ನ ಬರ್ಲಿಂಗ್ಟನ್ನಿನಲ್ಲಿ ಉಷ್ಣಾಂಶ 26 ಡಿಗ್ರಿ ದಾಟಿತು. ಹಲವು ತೋಪುಗಳಲ್ಲಿ ಹಂಗಾಮು ಅರ್ಧಕ್ಕೇ ಮುಗಿದುಹೋಯಿತು, ಅಮೆರಿಕದ ಒಟ್ಟು ಉತ್ಪಾದನೆಯೂ ಆ ವರ್ಷ ತೀವ್ರವಾಗಿ ಕುಸಿಯಿತು. ವರ್ಜೀನಿಯಾದಿಂದ ಕ್ವಿಬೆಕ್‌ವರೆಗಿನ ಆರು ತೋಪುಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಒಂದು ಅಧ್ಯಯನವು, ಈಗಿನಂತೆಯೇ ಭೂಮಿ ಬಿಸಿಯಾಗುತ್ತ ಹೋದರೆ ಈ ಶತಮಾನದ ಕೊನೆಯ ಹೊತ್ತಿಗೆ ಹಂಗಾಮಿನ ನಡುಭಾಗವು ಸುಮಾರು ಒಂದು ತಿಂಗಳು ಮುಂಚೆ ಬರುವುದೆಂದು ಅಂದಾಜು ಮಾಡಿದೆ. ಹಂಗಾಮು ಬರೀ ಮುಂಚಿತವಾಗಿ ಬರುವುದಷ್ಟೇ ಆಗಿದ್ದರೆ, ನಾವೂ ಮುಂಚಿತವಾಗಿ ಕೊರೆದರೆ ಸಾಕಿತ್ತು. ಕಷ್ಟವಿರುವುದು ವರ್ಷದಿಂದ ವರ್ಷಕ್ಕೆ ಅದು ಹಿಂದುಮುಂದಾಗುವುದರಲ್ಲಿ.

ಹಾಗೆಂದು ಜನವರಿಯಲ್ಲೇ ಕೊರೆದು ಕಾಯುವುದೂ ಸರಿಯಲ್ಲ. ಕೊರೆದ ರಂಧ್ರ ಮರಕ್ಕೆ ಗಾಯ. ಮರ ಆ ಗಾಯವನ್ನು ಒಳಗಿನಿಂದ ಮುಚ್ಚಿಕೊಳ್ಳಲು ಯತ್ನಿಸುತ್ತದೆ, ಸೂಕ್ಷ್ಮಜೀವಿಗಳು ನಾಳಗಳ ಬಾಯಿ ಕಟ್ಟುತ್ತವೆ, ಹಾಗಾಗಿ ಬಕೆಟ್ ತೂಗುಹಾಕಿ ರಸ ಹಿಡಿಯುವವರಿಗೆ ಒಂದು ರಂಧ್ರ ಆರರಿಂದ ಎಂಟು ವಾರಗಳ ಕಾಲವಷ್ಟೇ ಚೆನ್ನಾಗಿ ಒದಗುತ್ತದೆ. ಸಾವಿರಾರು ಮರಗಳಿರುವ ವೃತ್ತಿಪರರು ಕೊಳವೆ ಜಾಲ ಮತ್ತು ನಿರ್ವಾತ ಪಂಪುಗಳನ್ನು ಇಟ್ಟುಕೊಂಡಿರುವುದರಿಂದ, ಮತ್ತು ಎಲ್ಲ ಮರಗಳನ್ನು ಕೊರೆದು ಮುಗಿಸಲೇ ವಾರಗಟ್ಟಲೆ ಬೇಕಾಗುವುದರಿಂದ, ಚಳಿಗಾಲದ ನಡುವೆಯೇ ಆರಂಭಿಸುತ್ತಾರೆ. ಎರಡೇ ಮರಗಳಿರುವ ನಿಮಗೆ ಅರ್ಧ ಗಂಟೆಯ ಕೆಲಸ. ಆ ಅನುಕೂಲವನ್ನು ಬಳಸಿಕೊಳ್ಳಿ. ಫೆಬ್ರವರಿಯ ಎರಡನೆಯ ವಾರದ ಹೊತ್ತಿಗೆ ಡ್ರಿಲ್, ಸ್ಪೈಲ್ ಎಂದು ಕರೆಯುವ ಪುಟ್ಟ ಕೊಳವೆಗಳು, ಮುಚ್ಚಳವಿರುವ ಬಕೆಟ್‌ಗಳು, ಕಟ್ಟಿಗೆ ಎಲ್ಲವನ್ನೂ ಸಿದ್ಧಮಾಡಿಟ್ಟು, ನಂತರ ಹತ್ತು ದಿನಗಳ ಮುನ್ಸೂಚನೆಯನ್ನು ದಿನವೂ ನೋಡಿ. ಅದರಲ್ಲಿ ಮೊದಲು ರಾತ್ರಿಯ ಸಾಲನ್ನು ಓದಿ, ಆಮೇಲೆ ಹಗಲಿನ ಸಾಲನ್ನು. ಹಿಮಗಟ್ಟುವ ರಾತ್ರಿಯೂ ಕರಗುವ ಹಗಲೂ ಜೊತೆಯಾಗಿರುವ ನಾಲ್ಕೈದು ದಿನಗಳು ಮುಂದೆ ಕಾಣುತ್ತಿದ್ದರೆ, ಮೊದಲ ಕರಗುವ ದಿನದ ಬೆಳಿಗ್ಗೆ ಕೊರೆಯಿರಿ.

ಮುನ್ಸೂಚನೆ ಹೇಳುವುದು ಸಾಮಾನ್ಯವಾಗಿ ಹತ್ತಿರದ ವಿಮಾನ ನಿಲ್ದಾಣದ ಉಷ್ಣಾಂಶವನ್ನು. ತಂಪು ಗಾಳಿ ತಗ್ಗಿಗೆ ಇಳಿಯುವುದರಿಂದ, ಕಣಿವೆಯ ತಳದಲ್ಲಿರುವ ಹಿತ್ತಲು ಗುಡ್ಡದ ಮೇಲಿನದಕ್ಕಿಂತ ನಿರಭ್ರ ರಾತ್ರಿಗಳಲ್ಲಿ ಎರಡು ಮೂರು ಡಿಗ್ರಿ ತಣ್ಣಗಿರಬಹುದು, ಮತ್ತು ಸೊನ್ನೆಯ ಆಸುಪಾಸಿನಲ್ಲಿ ಆ ಎರಡು ಡಿಗ್ರಿಗಳೇ ಎಲ್ಲವನ್ನೂ ನಿರ್ಧರಿಸುತ್ತವೆ. ಕನಿಷ್ಠ ಮತ್ತು ಗರಿಷ್ಠ ಉಷ್ಣಾಂಶವನ್ನು ದಾಖಲಿಸುವ ಒಂದು ಥರ್ಮಾಮೀಟರನ್ನು ಮರದ ಉತ್ತರದ ಬದಿಗೆ, ಬಿಸಿಲು ತಾಗದಂತೆ ಕಟ್ಟಿ, ಒಂದು ಪುಸ್ತಕದಲ್ಲಿ ದಿನವೂ ಬರೆದಿಡಿ. ನಾನು ಹದಿನೆಂಟು ಹಂಗಾಮುಗಳಿಂದ ಹೀಗೆ ಬರೆಯುತ್ತ ಬಂದಿದ್ದೇನೆ. ಅದರಿಂದ ನನಗೆ ಆದಷ್ಟು ಉಪಕಾರ ಬೇರೆ ಯಾವ ಉಪಕರಣದಿಂದಲೂ ಆಗಿಲ್ಲ.

ಎರಡನೆಯ ಸಲದ ಪಾಕಕ್ಕೆ ಬಂದ ವಾಸನೆಯ ಕಾರಣ ನಿಮ್ಮ ಚಿತ್ರಗಳಲ್ಲಿದೆ. ದೊಡ್ಡ ಮರದ ಮೊಗ್ಗುಗಳು ಕಂದುಬಣ್ಣದ್ದಾಗಿ ಚೂಪಾಗಿವೆ. ಅದು ಶುಗರ್ ಮೇಪಲ್. ಸಣ್ಣ ಮರದ ಮೊಗ್ಗುಗಳು ಕೆಂಪಾಗಿ ಗುಂಡಗಿವೆ. ಅದು ರೆಡ್ ಮೇಪಲ್. ಬೇಸಿಗೆಯಲ್ಲಿ ಎಲೆಯನ್ನು ನೋಡಿಯೂ ಖಚಿತಪಡಿಸಿಕೊಳ್ಳಬಹುದು: ಶುಗರ್ ಮೇಪಲ್‌ನ ಎಲೆಯಂಚು ನುಣುಪಾಗಿರುತ್ತದೆ, ರೆಡ್ ಮೇಪಲ್‌ನದು ಗರಗಸದಂತೆ ಹಲ್ಲುಹಲ್ಲಾಗಿರುತ್ತದೆ. ರೆಡ್ ಮೇಪಲ್‌ನ ರಸದಿಂದಲೂ ಒಳ್ಳೆಯ ಪಾಕವಾಗುತ್ತದೆ, ಆದರೆ ಅದರ ಮೊಗ್ಗು ಬೇಗ ಒಡೆಯುತ್ತದೆ. ಮೊಗ್ಗು ಉಬ್ಬತೊಡಗಿದ ಮರದ ರಸದಲ್ಲಿ ಅಮೈನೋ ಆಮ್ಲಗಳ ಪ್ರಮಾಣ ಬದಲಾಗಿ, ಕುದಿಸಿದಾಗ ಕಮಟು ಚಾಕೊಲೇಟಿನಂಥ ವಾಸನೆ ಬರುತ್ತದೆ. ಹಸಿರಸದಲ್ಲಿ ಅದು ಮೂಗಿಗೆ ಸುಲಭವಾಗಿ ತಿಳಿಯುವುದಿಲ್ಲ. ಬೆಚ್ಚನೆಯ ಎರಡು ವಾರಗಳಲ್ಲಿ ಸಣ್ಣ ಮರ ಆ ಹಂತ ತಲುಪಿತ್ತು, ಎರಡೂ ಮರಗಳ ರಸವನ್ನು ಒಂದೇ ಪಾತ್ರೆಗೆ ಸುರಿದಿದ್ದರಿಂದ ದೊಡ್ಡ ಮರದ ಒಳ್ಳೆಯ ರಸವೂ ಕೆಟ್ಟಿತು. ಈ ವರ್ಷ ಅವೆರಡನ್ನೂ ಬೇರೆ ಬೇರೆ ಹಿಡಿಯಿರಿ. ಸಣ್ಣ ಮರದ ಮೊಗ್ಗು ಉಬ್ಬಿದಂತೆ ಕಂಡ ದಿನವೇ ಅದರ ಸ್ಪೈಲ್ ಕಿತ್ತುಬಿಡಿ, ದೊಡ್ಡದರಿಂದ ಇನ್ನೂ ಕೆಲವು ದಿನ ಹಿಡಿಯಬಹುದು.

ರಸವನ್ನು ಗ್ಯಾರೇಜಿನಲ್ಲಿ ಇಟ್ಟಿದ್ದಿರೆಂದೂ ಬರೆದಿದ್ದೀರಿ. ಮೇಪಲ್ ರಸವನ್ನು ಹಾಲಿನಂತೆ ನೋಡಿಕೊಳ್ಳಬೇಕು: 4 ಡಿಗ್ರಿಗಿಂತ ತಣ್ಣಗೆ, ಮುಚ್ಚಿ, ಎರಡು ಮೂರು ದಿನಗಳೊಳಗೆ ಕುದಿಸಿ. ಬೆಚ್ಚಗಾದ ರಸದಲ್ಲಿ ಸೂಕ್ಷ್ಮಜೀವಿಗಳು ಸುಕ್ರೋಸನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತವೆ, ಪಾಕದ ಬಣ್ಣ ಕಪ್ಪಾಗುತ್ತದೆ. ಇನ್ನೂ ಬಿಟ್ಟರೆ ರಸ ಮಸುಕಾಗಿ ಹುಳಿಯುತ್ತದೆ. ಬಕೆಟ್‌ಗಳನ್ನು ಮನೆಯ ಉತ್ತರದ ನೆರಳಿನಲ್ಲಿ ಹಿಮದೊಳಗೆ ಹೂತಿಡುವುದು ಅತ್ಯಂತ ಸುಲಭದ ಉಪಾಯ. ಬೆಳಿಗ್ಗೆ ಬಕೆಟ್ಟಿನ ಮೇಲ್ಭಾಗದಲ್ಲಿ ಹೆಪ್ಪುಗಟ್ಟಿದ ಪದರವಿದ್ದರೆ ಅದನ್ನು ತೆಗೆದು ಬಿಸಾಡಿ. ಹೆಪ್ಪುಗಟ್ಟುವಾಗ ನೀರು ಮೊದಲು ಗಟ್ಟಿಯಾಗಿ ಸಕ್ಕರೆಯ ಹೆಚ್ಚಿನ ಪಾಲು ಕೆಳಗಿನ ರಸದಲ್ಲಿಯೇ ಉಳಿಯುವುದರಿಂದ ನಿಮ್ಮ ಕಟ್ಟಿಗೆ ಉಳಿಯುತ್ತದೆ. ಈ ನಾಡಿನ ಮೂಲನಿವಾಸಿಗಳು ಯುರೋಪಿಯನ್ನರು ಬರುವುದಕ್ಕೆ ಬಹಳ ಮೊದಲೇ ಮೇಪಲ್ ರಸ ತೆಗೆಯುತ್ತಿದ್ದರು, ಹೀಗೆ ಹೆಪ್ಪು ತೆಗೆದು ರಸವನ್ನು ಗಟ್ಟಿಗೊಳಿಸುವುದೂ ಅವರಿಗೆ ಗೊತ್ತಿತ್ತು. ವರ್ಮಾಂಟ್‌ನ ಅಬೆನಾಕಿ ಜನರ ಪಂಚಾಂಗದಲ್ಲಿ ವಸಂತದ ಈ ಅವಧಿಗೆ ಸಕ್ಕರೆ ಮಾಡುವ ತಿಂಗಳೆಂಬ ಅರ್ಥದ ಹೆಸರೇ ಇದೆ.

ಎಷ್ಟು ರಸಕ್ಕೆ ಎಷ್ಟು ಪಾಕ ಎಂಬುದನ್ನು ಇಲ್ಲಿನವರು 86ರ ಸೂತ್ರದಿಂದ ಲೆಕ್ಕ ಹಾಕುತ್ತಾರೆ: ರಸದಲ್ಲಿರುವ ಸಕ್ಕರೆಯ ಶೇಕಡಾವಾರು ಪ್ರಮಾಣದಿಂದ 86ನ್ನು ಭಾಗಿಸಿದರೆ, ಒಂದು ಲೀಟರ್ ಪಾಕಕ್ಕೆ ಬೇಕಾಗುವ ರಸದ ಲೀಟರುಗಳು ಸಿಗುತ್ತವೆ. ಶೇಕಡಾ 2 ಇದ್ದರೆ 43 ಲೀಟರ್, ಶೇಕಡಾ 1.5 ಇದ್ದರೆ 57 ಲೀಟರ್. ಆಲೆಮನೆಯ ಕೊಪ್ಪರಿಗೆಗೆ ಬೀಳುವ ಕಬ್ಬಿನ ಹಾಲಿನಲ್ಲಿ ಶೇಕಡಾ 15ಕ್ಕಿಂತ ಹೆಚ್ಚು ಸಕ್ಕರೆ ಇರುತ್ತದೆಂಬುದನ್ನು ನೆನೆದರೆ, ಇಲ್ಲಿನ ಕೆಲಸದ ಬಹುಪಾಲು ನೀರನ್ನು ಆವಿ ಮಾಡುವುದೇ ಎಂಬುದು ನಿಮ್ಮ ತಾಯಿಯವರಿಗೆ ಕೂಡಲೇ ಅರ್ಥವಾಗುತ್ತದೆ. 43 ಲೀಟರಿನಲ್ಲಿ 42 ಲೀಟರ್ ಆವಿಯಾಗಿ ಹೋಗಬೇಕು. ಅಷ್ಟನ್ನೂ ಅಡುಗೆಮನೆಯಲ್ಲಿ ಕುದಿಸಿದರೆ ಗೋಡೆ ಮತ್ತು ಚಾವಣಿ ತೊಯ್ದುಹೋಗುತ್ತವೆ. ಹೊರಗೆ, ಗಾಳಿಗೆ ಮರೆಮಾಡಿದ ಒಲೆಯ ಮೇಲೆ, ಅಗಲವಾದ ಸ್ಟೇನ್‌ಲೆಸ್ ಸ್ಟೀಲ್ ತಟ್ಟೆಪಾತ್ರೆಯಲ್ಲಿ ಕುದಿಸಿ. ರಸದ ಆಳ ಮೂರು ನಾಲ್ಕು ಸೆಂಟಿಮೀಟರಿಗಿಂತ ಕಡಿಮೆಯಾಗಲು ಬಿಡದೆ ಹೊಸ ರಸವನ್ನು ಸ್ವಲ್ಪ ಸ್ವಲ್ಪವೇ ಸೇರಿಸುತ್ತಿರಿ. ನೊರೆ ಉಕ್ಕಿದರೆ ಒಂದು ಚೂರು ಬೆಣ್ಣೆ ಸಾಕು. ಹಳೆಯ ಸಾಮಾನಿನ ಅಂಗಡಿಗಳಲ್ಲಿ ಸಿಗುವ ಅಂದದ ಹಳೆಯ ಬಕೆಟ್ ಮತ್ತು ಪಾತ್ರೆಗಳನ್ನು ಮಾತ್ರ ದಯವಿಟ್ಟು ಬಳಸಬೇಡಿ. ಅವುಗಳ ಬೆಸುಗೆಯಲ್ಲಿ ಸೀಸ ಇರಬಹುದು. ಮುಕ್ಕಾಲು ಭಾಗಕ್ಕೂ ಹೆಚ್ಚು ಇಂಗಿ ರಸಕ್ಕೆ ಬಣ್ಣ ಬಂದ ನಂತರ ಅದನ್ನು ಒಳಗೆ ತಂದು, ಸಣ್ಣ ಪಾತ್ರೆಯಲ್ಲಿ, ಪಕ್ಕದಲ್ಲಿಯೇ ನಿಂತು ಹದಕ್ಕೆ ತನ್ನಿ.

ಹದದ ವಿಷಯವನ್ನು ವಿವರವಾಗಿ ಹೇಳಬೇಕಾಗಿದೆ, ಏಕೆಂದರೆ ನಿಮ್ಮ ಎರಡೂ ಬಾಟಲಿಗಳು ಸೋತದ್ದು ಇಲ್ಲಿ. ಮೇಪಲ್ ಪಾಕದಲ್ಲಿ ಸಕ್ಕರೆಯ ಅಂಶ ತೂಕದಲ್ಲಿ ಶೇಕಡಾ 66ರಿಂದ 67ರಷ್ಟಿರಬೇಕು. ಅದಕ್ಕಿಂತ ತೆಳುವಾದರೆ ಹುಳಿಯುತ್ತದೆ ಇಲ್ಲವೇ ಬೂಷ್ಟು ಹಿಡಿಯುತ್ತದೆ, ದಪ್ಪವಾದರೆ ಹರಳುಗಟ್ಟುತ್ತದೆ. ಬೆರಳುಗಳ ನಡುವೆ ಒಂದೆಳೆ ಬರುವ ಪಾಕ ಜಹಾಂಗೀರಿಗೂ ಉಂಡೆಗೂ ಸರಿ, ಆದರೆ ಮೇಪಲ್ ಪಾಕದ ಹದ ಅದಕ್ಕೆ ಮೊದಲೇ ಬಂದು ದಾಟಿರುತ್ತದೆ. ನಿಮ್ಮ ತಾಯಿಯವರ ಕೈ ತಪ್ಪಿಲ್ಲ, ಅವರು ನೋಡಿದ ಹದ ಬೇರೆ ಪದಾರ್ಥದ್ದು. ಚಮಚವನ್ನು ಅದ್ದಿ ಎತ್ತಿ ಓರೆ ಹಿಡಿದಾಗ ಅಂಚಿನ ಹನಿಗಳು ಬಿಡಿಬಿಡಿಯಾಗಿ ಬೀಳದೆ, ಒಂದಕ್ಕೊಂದು ಕೂಡಿಕೊಂಡು ಅಗಲವಾದ ಪರದೆಯಂತೆ ಜಾರಿದರೆ ಅದೇ ಇಲ್ಲಿನವರ ಹದ. ತಳದಲ್ಲಿ ಹರಳುಗಟ್ಟಿದ ಬಾಟಲಿಯ ಪಾಕ ಕೆಟ್ಟಿಲ್ಲ. ಅದಕ್ಕೆ ಸ್ವಲ್ಪ ಬಿಸಿನೀರು ಬೆರೆಸಿ, ಹರಳು ಕರಗುವವರೆಗೆ ಕಾಯಿಸಿ, ಮತ್ತೆ ಹದ ನೋಡಿ ತುಂಬಬಹುದು. ಬೂಷ್ಟು ಬಂದದ್ದನ್ನು ಚೆಲ್ಲಿಬಿಡಿ.

ಇನ್ನು ಥರ್ಮಾಮೀಟರಿನ ಮಾತು. ನೀರು ಕುದಿಯುವ ಬಿಂದುವಿಗಿಂತ ಸುಮಾರು 4 ಡಿಗ್ರಿ ಮೇಲೆ ಕುದಿಯುವಾಗ ಪಾಕ ಸಿದ್ಧವಾಗಿರುತ್ತದೆ. ಆದರೆ ನೀರು 100 ಡಿಗ್ರಿಯಲ್ಲಿ ಕುದಿಯುವುದು ಸಮುದ್ರಮಟ್ಟದಲ್ಲಿ, ಸಾಧಾರಣ ವಾಯುಒತ್ತಡದಲ್ಲಿ ಮಾತ್ರ. ನಿಮ್ಮ ಮನೆಯ ಎತ್ತರದಲ್ಲಿ ಸಾಧಾರಣ ದಿನ ಅದು ಸುಮಾರು 99.2 ಡಿಗ್ರಿಗೆ ಕುದಿಯುತ್ತದೆ. ಒತ್ತಡ ಹೆಚ್ಚಿರುವ ನಿರಭ್ರ ದಿನ 99.7ರ ಸುಮಾರಿಗೆ, ಬಿರುಗಾಳಿ ಮಳೆ ಬರುವ ದಿನ 98.6ರ ಸುಮಾರಿಗೆ. ಆದ್ದರಿಂದ 103 ಡಿಗ್ರಿಗೆ ಇಳಿಸಿದ ಪಾಕ ಒಂದು ದಿನ ಸರಿಸುಮಾರು ಹದವಾಗಿದ್ದು, ಇನ್ನೊಂದು ದಿನ ತೆಳುವಾಗಿರುತ್ತದೆ. ನೀವು ಆ ಸಲ ಕುದಿಸಿದ್ದು ತಿಳಿಯಾದ ಚಳಿಯ ದಿನವೆಂದು ಬರೆದಿದ್ದೀರಿ; ಒತ್ತಡ ಹೆಚ್ಚಿದ್ದು, ನಿಮ್ಮ ಪಾಕಕ್ಕೆ ಇನ್ನೂ ಮುಕ್ಕಾಲು ಡಿಗ್ರಿ ಬಾಕಿಯಿತ್ತೆಂದು ನನಗನ್ನಿಸುತ್ತದೆ. ಪ್ರತಿ ಸಲವೂ ಪಾಕ ಹದಕ್ಕೆ ಬರುವ ಮೊದಲು, ಅದೇ ಥರ್ಮಾಮೀಟರನ್ನು ಕುದಿಯುವ ನೀರಿನಲ್ಲಿ ಅದ್ದಿ ನೋಡಿ, ಬಂದ ಅಂಕಿಗೆ 4 ಕೂಡಿಸಿ. ಉಪಕರಣ ಸ್ವಲ್ಪ ತಪ್ಪು ತೋರಿಸುವಂಥದಾದರೂ ಈ ವಿಧಾನದಲ್ಲಿ ಆ ತಪ್ಪು ಕಳೆದುಹೋಗುತ್ತದೆ.

ಹದಕ್ಕೆ ಬಂದ ಪಾಕದಲ್ಲಿ ಮರಳಿನಂತೆ ಕಾಣುವ ಕಲ್ಮಷ ಇರುತ್ತದೆ. ಅದರಲ್ಲಿ ಹೆಚ್ಚಿನದು ಕ್ಯಾಲ್ಸಿಯಂ ಮ್ಯಾಲೇಟ್. ತಿಂದರೆ ಅಪಾಯವಿಲ್ಲ, ಆದರೆ ನಾಲಿಗೆಗೆ ಒರಟು. ಬಿಸಿಯಿರುವಾಗಲೇ ದಪ್ಪ ಫೆಲ್ಟ್ ಬಟ್ಟೆಯಲ್ಲಿ ಸೋಸಿ, ಪಾಕದ ಬಿಸಿ 82ರಿಂದ 85 ಡಿಗ್ರಿ ಇರುವಾಗ ಶುಚಿಯಾದ ಬಾಟಲಿಗೆ ಕಂಠದವರೆಗೆ ತುಂಬಿ, ಮುಚ್ಚಳ ಬಿಗಿದು, ಮುಚ್ಚಳದ ಒಳಬದಿಗೂ ಬಿಸಿ ತಾಗುವಂತೆ ಕೆಲವು ನಿಮಿಷ ಮಲಗಿಸಿಡಿ. ಆರಿದ ಮೇಲೆ ತುಂಬಿದ್ದು ನಿಮ್ಮ ಎರಡನೆಯ ಬಾಟಲಿಯ ಬೂಷ್ಟಿಗೆ ಇನ್ನೊಂದು ಕಾರಣ.

ಮರದ ಬಗೆಗಿನ ನಿಮ್ಮ ಕಾಳಜಿಯನ್ನು ಓದಿ ನನಗೆ ಸಂತೋಷವಾಯಿತು. ಎರಡು ಮೀಟರ್ ಸುತ್ತಳತೆಯ ಮರಕ್ಕೆ ಎರಡು ರಂಧ್ರ ಸರಿ. 120 ಸೆಂಟಿಮೀಟರಿನದಕ್ಕೆ ಒಂದೇ ಸಾಕು. ಕಳೆದ ವರ್ಷ ಅದಕ್ಕೆ ಎರಡು ಕೊರೆದದ್ದು ಹೆಚ್ಚಾಯಿತು. ಸುತ್ತಳತೆ 95 ಸೆಂಟಿಮೀಟರಿಗಿಂತ ಕಡಿಮೆಯಿರುವ ಮರವನ್ನು ಮುಟ್ಟಲೇಬಾರದು ಎಂಬುದು ನನ್ನ ನಿಲುವು. ಸುಮಾರು 8 ಮಿಲಿಮೀಟರ್ ಅಗಲದ, ಶುಚಿಯಾದ, ಹರಿತವಾದ ಡ್ರಿಲ್ ತುದಿಯಿಂದ, ನೆಲದಿಂದ ಒಂದು ಮೀಟರಿನಷ್ಟು ಎತ್ತರದಲ್ಲಿ, ರಸ ಹೊರಕ್ಕೆ ಇಳಿಯುವಂತೆ ತುಸು ಓರೆಯಾಗಿ, 4ರಿಂದ 5 ಸೆಂಟಿಮೀಟರ್ ಆಳಕ್ಕೆ ಕೊರೆಯಿರಿ. ಹೊರಬರುವ ಹೊಟ್ಟು ಕೆನೆಬಣ್ಣದ್ದಾಗಿದ್ದರೆ ಅದು ಜೀವಂತ ಮರ. ಕಂದಾಗಿದ್ದರೆ ಆ ಜಾಗದಲ್ಲಿ ಹಳೆಯ ಗಾಯವಿದೆ, ರಸ ಬರುವುದಿಲ್ಲ. ಕಡುಚಳಿಯಲ್ಲಿ ಹೆಪ್ಪುಗಟ್ಟಿದ ಮರಕ್ಕೆ ಸ್ಪೈಲ್ ಬಡಿದರೆ ಸೀಳುವುದರಿಂದ, ಕರಗುವ ದಿನ ಕೊರೆದು, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕೂರಿಸಿ.

ನೀವು ತೆಗೆಯುವ ಸಕ್ಕರೆ ಆರೋಗ್ಯವಂತ ಮರದ ಸಂಗ್ರಹದಲ್ಲಿ ಸಣ್ಣ ಪಾಲು. ಗಾಯದ ಲೆಕ್ಕ ಬೇರೆ: ರಂಧ್ರದ ಮೇಲಕ್ಕೂ ಕೆಳಕ್ಕೂ ಉದ್ದವಾದ ಒಂದು ಪಟ್ಟಿಯಷ್ಟು ಮರವನ್ನು ಮೇಪಲ್ ತಾನಾಗಿಯೇ ಮುಚ್ಚಿಬಿಡುತ್ತದೆ, ಅದರಲ್ಲಿ ಮುಂದೆ ಎಂದೂ ರಸ ಹರಿಯುವುದಿಲ್ಲ. ಆದ್ದರಿಂದ ಈ ವರ್ಷದ ರಂಧ್ರ ಹಳೆಯದರ ನೇರ ಮೇಲೆ ಅಥವಾ ಕೆಳಗೆ ಬೇಡ. ಪಕ್ಕಕ್ಕೆ 15 ಸೆಂಟಿಮೀಟರಿನಷ್ಟು ಸರಿದು, ಎತ್ತರವನ್ನೂ ಬದಲಿಸಿ. ಹಂಗಾಮು ಮುಗಿದು ಸ್ಪೈಲ್ ಕಿತ್ತ ಮೇಲೆ ರಂಧ್ರಕ್ಕೆ ಮೇಣ, ಬೆಣೆ, ಬಣ್ಣ ಏನನ್ನೂ ತುಂಬದೆ ತೆರೆದೇ ಬಿಡಿ. ಅಕ್ಟೋಬರಿನಲ್ಲಿ ಎಲೆ ಉದುರುವ ಹೊತ್ತಿಗೆ ಕಳೆದ ವರ್ಷದ ರಂಧ್ರಗಳನ್ನು ಒಮ್ಮೆ ನೋಡಿ ಬನ್ನಿ. ದೊಡ್ಡ ಮರದವು ತೊಗಟೆಯಿಂದ ಮುಚ್ಚಿಕೊಂಡಿದ್ದು ಸಣ್ಣದರವು ಇನ್ನೂ ತೆರೆದೇ ಇದ್ದರೆ, ಸಣ್ಣ ಮರಕ್ಕೆ ಒಂದು ವರ್ಷ ವಿರಾಮ ಕೊಡಿ.